ನಡುವಿನಲ್ಲಿಲ್ಲದ ನಡು

"ಇದರಲ್ಲಿ ವಿಚಿತ್ರವಾದದ್ದು ಏನಾದರೂ ಇದೆಯೇ?"

ಈ ಪ್ರಶ್ನೆ ನನ್ನ ಬೆನ್ನು ಹತ್ತಿ ಎಷ್ಟೋ ವರ್ಷವಾಯಿತು. ಗೆಲಾಕ್ಸಿ ಝೂ ಯೋಜನೆಯಲ್ಲಿ ಕೈಯಾಡಿಸಿದವರಿಗೆ ಇದು ಎಲ್ಲಿಯ ಮಾತು ಅಂತ ತಕ್ಷಣ ಗೊತ್ತಾಗುತ್ತದೆ. 2007ರಲ್ಲಿ ಶುರುವಾದ ಕೆಲಸ ಅದು. ಖಗೋಳಜ್ಞರು ಲಕ್ಷಗಟ್ಟಲೆ ಗೆಲಾಕ್ಸಿಗಳ ಚಿತ್ರವನ್ನು ಅಂತರ್ಜಾಲದಲ್ಲಿ ಒಂದೊಂದಾಗಿ ನಮ್ಮಂಥ ಸಾಮಾನ್ಯರ ಮುಂದಿಟ್ಟು, ಇದು ಉಂಡೆಯೋ ಸುರುಳಿಯೋ, ಸುರುಳಿಯಾದರೆ ಯಾವ ಕಡೆಗೆ ಸುತ್ತಿದೆ ಅಂತ ಕೇಳುತ್ತಿದ್ದರು. ಎರಡನೇ ಸುತ್ತಿನಲ್ಲಿ ಪ್ರಶ್ನೆಗಳು ಹೆಚ್ಚಾದವು. ತೋಳು ಎಷ್ಟು, ಬಿಗಿಯೋ ಸಡಿಲವೋ, ನಡುವಿನ ಉಬ್ಬು ಎಷ್ಟು ದೊಡ್ಡದು. ಇವುಗಳ ಜೊತೆಗೆ ಬರುತ್ತಿದ್ದದ್ದು ಈ ವಿಚಿತ್ರದ ಪ್ರಶ್ನೆ. ಉಳಿದದ್ದಕ್ಕೆಲ್ಲ ಬೆರಳು ತಾನಾಗಿ ಓಡುತ್ತಿತ್ತು, ಇದಕ್ಕೆ ಬಂದಾಗ ನಿಲ್ಲುತ್ತಿತ್ತು. ಉಂಗುರ ಇದ್ದರೆ, ಬಾಲ ಇದ್ದರೆ, ಎರಡು ಗೆಲಾಕ್ಸಿ ಒಂದಕ್ಕೊಂದು ತೆಕ್ಕೆಬಿದ್ದಿದ್ದರೆ ಸಂಶಯವಿಲ್ಲ, ಹೌದು ಅಂತ ಒತ್ತುತ್ತಿದ್ದೆ. ಆದರೆ ಹೆಚ್ಚಿನವು ಅಂಥವಲ್ಲ. ಎರಡು ತೋಳು ಸರಿಯಾಗಿಯೇ ಇರುತ್ತವೆ, ಒಂದು ಮಾತ್ರ ಇನ್ನೊಂದಕ್ಕಿಂತ ಉದ್ದ. ಇಲ್ಲವೇ ಹೊಳೆಯುವ ನಡುಭಾಗ ಹಣೆಯಲ್ಲಿ ಬೆರಳಗಲ ಸರಿದ ಕುಂಕುಮದಂತೆ ಒಂದು ಬದಿಗೆ ಕೂತಿರುತ್ತದೆ. ಇದನ್ನು ವಿಚಿತ್ರ ಅನ್ನಲೇ? ಅಂದರೆ ಮುಂದಿನದೂ ಹಾಗೇ ಇದೆ. ಅದರ ಮುಂದಿನದೂ.

ಒಂದು ರಾತ್ರಿ ಊಟ ಮುಗಿಸಿ ಹೀಗೆ ಕೂತಿದ್ದಾಗ ಹೊಳೆಯಿತು: ನಾನು ಇವನ್ನೆಲ್ಲ ಅಳೆಯುತ್ತಿದ್ದದ್ದು ಹೈಸ್ಕೂಲಿನ ವಿಜ್ಞಾನ ಪುಸ್ತಕದ ಒಂದೇ ಒಂದು ಚಿತ್ರದ ಪಕ್ಕದಲ್ಲಿಟ್ಟು. ಕಪ್ಪು ಹಾಳೆಯ ಮೇಲೆ ರಂಗೋಲಿಯಷ್ಟು ಅಚ್ಚುಕಟ್ಟಾದ ಸುರುಳಿ, ನಟ್ಟನಡುವೆ ಬೆಳಕು, ಎರಡೂ ತೋಳು ಸಮಸಮ. ಆ ಚಿತ್ರದ ಹಾಗಿದ್ದರೆ ಸರಿ, ಇಲ್ಲದಿದ್ದರೆ ವಿಚಿತ್ರ. ಆದರೆ ಆ ಚಿತ್ರದ ಹಾಗಿರುವ ಗೆಲಾಕ್ಸಿ ಎಷ್ಟಿವೆ ಅಂತ ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಕಣ್ಣಿನ ಅಭ್ಯಾಸ ಎಷ್ಟು ಗಟ್ಟಿ ಅನ್ನುವುದಕ್ಕೆ ಅದೇ ಯೋಜನೆಯಿಂದ ಇನ್ನೊಂದು ಸಾಕ್ಷಿ. ಮೊದಲ ಸುತ್ತಿನ ಲೆಕ್ಕದಲ್ಲಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುವ ಸುರುಳಿಗಳೇ ಹೆಚ್ಚು ಬಂದವು. ವಿಶ್ವಕ್ಕೇ ಒಂದು ದಿಕ್ಕಿನ ಒಲವಿದೆ ಅಂತಾದರೆ ಅದು ಸಣ್ಣ ಮಾತಲ್ಲ. ಆಗ ಅವರು ಕೆಲವು ಚಿತ್ರಗಳನ್ನು ಕನ್ನಡಿಯ ಪ್ರತಿಬಿಂಬದಂತೆ ತಿರುಗಿಸಿ ಮತ್ತೆ ನಮ್ಮ ಮುಂದಿಟ್ಟರು. ಒಲವು ಆಕಾಶದ್ದಾಗಿದ್ದರೆ ಲೆಕ್ಕವೂ ತಿರುಗಬೇಕಿತ್ತು. ತಿರುಗಲಿಲ್ಲ. ಕನ್ನಡಿಯ ಚಿತ್ರದಲ್ಲೂ ಜನ ಅದೇ ದಿಕ್ಕನ್ನೇ ಹೆಚ್ಚಾಗಿ ಕಂಡರು. ಒಲವು ನೋಡುವವರ ಕಣ್ಣಿನಲ್ಲಿತ್ತು.

ಮೊದಲು ಕಂಡ ಸುರುಳಿ

ಮನುಷ್ಯ ಆಕಾಶದಲ್ಲಿ ಮೊಟ್ಟಮೊದಲು ಸುರುಳಿ ಅಂತ ಗುರುತಿಸಿದ್ದು ಎಂ51 ಎಂಬ ಗೆಲಾಕ್ಸಿಯನ್ನು. 1845ರ ಏಪ್ರಿಲ್, ಐರ್ಲೆಂಡಿನ ಪಾರ್ಸನ್ಸ್‌ಟೌನ್. ಲಾರ್ಡ್ ರಾಸ್ ತನ್ನ ಕೋಟೆಯ ಅಂಗಳದಲ್ಲಿ ಎರಡು ಕಲ್ಲಿನ ಗೋಡೆಗಳ ನಡುವೆ ಕಟ್ಟಿಸಿದ 72 ಇಂಚಿನ ಕನ್ನಡಿಯ ದೂರದರ್ಶಕ ಆಗಷ್ಟೇ ಕಣ್ಣು ತೆರೆದಿತ್ತು. ಅದರಲ್ಲಿ ಇಣುಕಿ, ಕಂಡದ್ದನ್ನು ಆತ ಕೈಯಿಂದಲೇ ಬರೆದ. ಆ ರೇಖಾಚಿತ್ರ ನೋಡಿದ್ದೀರಾದರೆ ನೆನಪಿರುತ್ತದೆ: ದೊಡ್ಡ ಸುರುಳಿ, ಅದರ ಒಂದು ತೋಳಿನ ತುದಿಯಲ್ಲಿ ಇನ್ನೊಂದು ಚಿಕ್ಕ ಉಂಡೆ. ಇಂದು ಆ ಉಂಡೆಗೆ ಎನ್‌ಜಿಸಿ 5195 ಅಂತ ಹೆಸರು. ಅದು ದೊಡ್ಡದಕ್ಕೆ ಅಂಟಿಕೊಂಡಿಲ್ಲ, ತುಸು ಹಿಂದಿದೆ. ಆದರೆ ಅದರ ಸೆಳೆತ ದೊಡ್ಡದರ ಮೈಮೇಲೆಲ್ಲ ಬರೆದಿದೆ. ಎಂ51ರ ತೋಳುಗಳು ಅಷ್ಟು ನಿಚ್ಚಳವಾಗಿ ಕಾಣುವುದರಲ್ಲಿ ಈ ಜೊತೆಗಾರನ ಕೈವಾಡ ದೊಡ್ಡದು.

1966ರಲ್ಲಿ ಹಾಲ್ಟನ್ ಆರ್ಪ್ ವಿಚಿತ್ರ ಗೆಲಾಕ್ಸಿಗಳದ್ದೇ ಒಂದು ನಕ್ಷಾಪುಸ್ತಕ ಹೊರತಂದರು. ನಮ್ಮ ಅಚ್ಚುಕಟ್ಟಾದ ವರ್ಗೀಕರಣಕ್ಕೆ ಒಗ್ಗದ 338 ಗೆಲಾಕ್ಸಿಗಳನ್ನು, ಗುಂಪುಗಳನ್ನು ಅದರಲ್ಲಿ ಕಲೆಹಾಕಿದ್ದರು. ಅದರ 85ನೇ ನಮೂದು ಯಾವುದು ಗೊತ್ತೇ? ಎಂ51. ಪಠ್ಯಪುಸ್ತಕಗಳು 'ಸುರುಳಿ ಗೆಲಾಕ್ಸಿ ಅಂದರೆ ಹೀಗಿರುತ್ತದೆ' ಎಂದು ಬೆರಳಿಟ್ಟು ತೋರಿಸುವ ಅದೇ ಎಂ51. ಸುರುಳಿಗಳ ಮಾದರಿಯೂ ಅದೇ, ವಿಚಿತ್ರಗಳ ಪಟ್ಟಿಯಲ್ಲಿರುವುದೂ ಅದೇ. ಇದು ಗೊತ್ತಾದ ದಿನ ನನಗೆ ಒಂದು ಥರದ ಸಮಾಧಾನವಾಯಿತು. ಬೆರಳು ಸುಮ್ಮನೆ ತಡವರಿಸುತ್ತಿರಲಿಲ್ಲ ಅಂತ.

ಬಾಯೆ ಘೂಮ್

ವಿಚಿತ್ರ ಆಕಾರಕ್ಕಿಂತ ಮೊದಲು ಸಾದಾ ಸುರುಳಿಯೇ ಒಂದು ಒಗಟು ಅನ್ನುವುದು ನನಗೆ ಅರ್ಥವಾದದ್ದು ಯಾವ ಪುಸ್ತಕದಿಂದಲೂ ಅಲ್ಲ, ಗಣರಾಜ್ಯೋತ್ಸವದ ಪೆರೇಡಿನಿಂದ. ಹೈಸ್ಕೂಲಿನಲ್ಲಿದ್ದಾಗ ಜನವರಿ ಪೂರ್ತಿ ತಾಲ್ಲೂಕು ಮೈದಾನದಲ್ಲಿ ನಮಗೆ ತಾಲೀಮು. ಆರಾರು ಜನರ ಸಾಲು, ನಾನು ಸಾಲಿನ ಬಲತುದಿ. ನೇರ ನಡೆಯುವಾಗ ಎಲ್ಲ ಚೆನ್ನ. ಮೈದಾನದ ಮೂಲೆ ಬಂತು, ಪಿ.ಟಿ. ಮೇಷ್ಟ್ರು "ಬಾಯೆ ಘೂಮ್", ಎಡಕ್ಕೆ ತಿರುಗಿ, ಅಂತ ಕೂಗಿದರು ಅಂದರೆ ಸಾಲು ಕೆಟ್ಟಂತೆಯೇ. ಸಾಲು ಸಾಲಾಗಿಯೇ ತಿರುಗಬೇಕಾದರೆ ಎಡತುದಿಯವನು ನಿಂತಲ್ಲೇ ಕಾಲು ಹಾಕಬೇಕು, ಬಲತುದಿಯ ನಾನು ಉದ್ದುದ್ದ ಹೆಜ್ಜೆ ಇಟ್ಟು ಹೆಚ್ಚುಕಡಿಮೆ ಓಡಬೇಕು. ನಾವೋ ಎಲ್ಲರೂ ಒಂದೇ ಹೆಜ್ಜೆ. ಒಳಗಿನವರು ಬೇಗ ತಿರುಗಿ ಮುಂದೆ ಹೋದರು, ಹೊರಗಿನ ನಾವು ಹಿಂದುಳಿದೆವು, ನೆಟ್ಟಗಿದ್ದ ಸಾಲು ಕುಡುಗೋಲಿನಂತೆ ಬಾಗಿತು. ಮೇಷ್ಟ್ರು ಕೈಯಲ್ಲಿದ್ದ ಸೀಟಿಯನ್ನು ನನ್ನತ್ತ ಚಾಚಿ "ಹೊರಗಡೆಯೋನು ಎಳಕೊಂಡು ಹೋಗ್ಬೇಕು ಕಣೋ ಸಾಲ್ನ" ಅನ್ನುತ್ತಿದ್ದರು. ಎಷ್ಟು ದಿನ ತಾಲೀಮಾದರೂ ಆ ಬಾಗು ಪೂರ್ತಿ ಹೋಗಲಿಲ್ಲ.

ಗೆಲಾಕ್ಸಿಯಲ್ಲಿ ನಡೆಯುವುದೂ ಇದೇ. ಸುರುಳಿ ಗೆಲಾಕ್ಸಿ ತಟ್ಟೆಯಂತೆ ಚಪ್ಪಟೆ. ಆ ತಟ್ಟೆಯ ಒಳಭಾಗ ಬಿಟ್ಟರೆ ಉಳಿದ ಕಡೆಯೆಲ್ಲ ನಕ್ಷತ್ರಗಳದ್ದು ಹೆಚ್ಚುಕಡಿಮೆ ಒಂದೇ ವೇಗ. ನಮ್ಮ ಸೂರ್ಯ ಸೆಕೆಂಡಿಗೆ ಸುಮಾರು 220 ಕಿಲೋಮೀಟರ್ ಓಡಿಯೂ ಆಕಾಶಗಂಗೆಯನ್ನು ಒಂದು ಸುತ್ತು ಹಾಕಲು 22-23 ಕೋಟಿ ವರ್ಷ ತೆಗೆದುಕೊಳ್ಳುತ್ತಾನೆ. ಅರ್ಧ ದೂರದಲ್ಲಿರುವ ನಕ್ಷತ್ರ ಅಷ್ಟರಲ್ಲಿ ಎರಡು ಸುತ್ತು ಮುಗಿಸಿರುತ್ತದೆ. ನಡುವಿನಿಂದ ಅಂಚಿಗೆ ನೆಟ್ಟಗೆ ಒಂದು ಸಾಲು ಎಳೆದು ಬಿಟ್ಟರೆ ಅದು ತಾನಾಗಿ ಹಿಂದಕ್ಕೆ ಬಾಗಿ ಸುರುಳಿಯಾಗುತ್ತದೆ. ಹಾಗಾದರೆ ಒಗಟು ಎಲ್ಲಿ ಅಂದರೆ, ಅದು ಅಲ್ಲಿಗೆ ನಿಲ್ಲುವುದಿಲ್ಲ. ಸೂರ್ಯ ಹುಟ್ಟಿದ ಮೇಲೆಯೇ ಇಪ್ಪತ್ತು ಸುತ್ತು ಬಂದಿದ್ದಾನೆ. ಇಷ್ಟು ಹೊತ್ತಿಗೆ ತೋಳುಗಳೆಲ್ಲ ಕದಿರಿಗೆ ಸುತ್ತಿದ ನೂಲಿನಂತೆ ಒತ್ತೊತ್ತಾಗಿ, ತೋಳು ಅನ್ನುವುದೇ ಕಾಣದಂತಾಗಬೇಕಿತ್ತು. ಆಗಿಲ್ಲ. ಸಾಮಾನ್ಯವಾಗಿ ಅವು ಒಂದು, ಒಂದೂವರೆ ಸುತ್ತು ಬಂದು ನಿಂತಿರುತ್ತವೆ.

1964ರಲ್ಲಿ ಸಿ.ಸಿ. ಲಿನ್ ಮತ್ತು ಫ್ರಾಂಕ್ ಶು ಕೊಟ್ಟ ಉತ್ತರಕ್ಕೂ ನಮ್ಮ ಮೈದಾನದಲ್ಲೇ ಜಾಗವಿತ್ತು. ಮೈದಾನದ ಒಂದು ಕಡೆ ಕೊಳಾಯಿ ಸೋರಿ ಸದಾ ಕೆಸರು. ಅಲ್ಲಿಗೆ ಬಂದ ಪ್ರತಿ ಸಾಲೂ ಹೆಜ್ಜೆ ಸಣ್ಣದು ಮಾಡುತ್ತಿತ್ತು, ಹಿಂದಿನ ಸಾಲು ಬಂದು ಒತ್ತುತ್ತಿತ್ತು. ದೂರದಿಂದ ನೋಡಿದರೆ ಆ ಜಾಗದಲ್ಲಿ ಯಾವಾಗಲೂ ಜನ ಗಿಜಿಗಿಜಿ. ಆದರೆ ಈ ಕ್ಷಣ ಅಲ್ಲಿದ್ದವರು ಮರುಕ್ಷಣ ಅಲ್ಲಿಲ್ಲ, ಗುಂಪು ಮಾತ್ರ ಅಲ್ಲೇ. ತೋಳುಗಳೂ ಹಾಗೆ. ಒಂದೇ ನಕ್ಷತ್ರಗಳ ಸಾಲು ಅಲ್ಲ ಅವು, ಸಾಂದ್ರತೆಯ ಅಲೆಗಳು. ನಕ್ಷತ್ರಗಳೂ ಅನಿಲವೂ ಒಳಗೆ ಬರುತ್ತವೆ, ದಟ್ಟೈಸುತ್ತವೆ, ಹೊರಗೆ ಹೋಗುತ್ತವೆ. ದಟ್ಟೈಸಿದಾಗ ಅನಿಲ ಕುಸಿದು ಹೊಸ ನಕ್ಷತ್ರಗಳು ಹುಟ್ಟುತ್ತವೆ, ಅವುಗಳ ನೀಲಿ ಬೆಳಕಿನಿಂದ ತೋಳು ಮಿಂಚುತ್ತದೆ. ಎಲ್ಲ ಗೆಲಾಕ್ಸಿಗೂ ಇದೊಂದೇ ವಿವರಣೆ ಸಾಲದು, ತುಂಡುತುಂಡಾದ ತೋಳುಗಳು ಮೂಡಿ ಅಳಿಸಿ ಮತ್ತೆ ಮೂಡುವ ಸುರುಳಿಗಳೂ ಬೇಕಾದಷ್ಟಿವೆ. ಆದರೂ ಸಾಲು ಮತ್ತು ಗಿಜಿಗಿಜಿ ಎರಡೂ ಬೇರೆ ಅನ್ನುವ ಈ ಒಂದು ಎಳೆ ಸಿಕ್ಕಿದ ಮೇಲೆ ಉಳಿದದ್ದನ್ನು ಬಿಡಿಸಲು ಧೈರ್ಯ ಬರುತ್ತದೆ.

ಎನ್‌ಜಿಸಿ 4622 ಎಂಬ ಗೆಲಾಕ್ಸಿಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪೆರೇಡಿನ ಲೆಕ್ಕಕ್ಕೆ ನೇರ ಸವಾಲು ಹಾಕಿದ್ದು ಅದು. ನಮ್ಮ ದಕ್ಷಿಣ ಆಕಾಶದ ಸೆಂಟಾರಸ್ ತಾರಾಮಂಡಲದಲ್ಲಿ, ಸುಮಾರು 11 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಖಗೋಳಜ್ಞರಾದ ರಾನ್ ಬ್ಯೂಟಾ, ಜೀನ್ ಬರ್ಡ್, ಟಾರ್ಶ್ ಫ್ರೀಮನ್ ಹಬಲ್ ದೂರದರ್ಶಕದ ಚಿತ್ರಗಳನ್ನು ಇಟ್ಟುಕೊಂಡು, ಅದರ ಹೊರಗಿನ ಎರಡು ತೋಳುಗಳು ಹಿಂದಕ್ಕೆ ಬಾಗುವ ಬದಲು ತಿರುಗುವ ದಿಕ್ಕಿನಲ್ಲೇ ಮುಂದಕ್ಕೆ ಚಾಚಿವೆ ಅಂದರು. ಅಂದರೆ ಸಾಲಿನ ಹೊರತುದಿಯವನೇ ಎಲ್ಲರಿಗಿಂತ ಮುಂದೆ! ಒಳಗೆ ಇನ್ನೊಂದು ತೋಳು ಬೇರೆ, ಅದು ಇದಕ್ಕೆ ಉಲ್ಟಾ ಸುತ್ತಿದೆ. ಬಹುಕಾಲ ಇದನ್ನು ನಂಬಲು ಹಿಂಜರಿದವರೇ ಹೆಚ್ಚು. ಎಂದೋ ಒಂದು ಸಣ್ಣ ಗೆಲಾಕ್ಸಿಯನ್ನು ನುಂಗಿದ ಗಲಿಬಿಲಿ ಇದು ಅನ್ನುವುದು ಬ್ಯೂಟಾ ತಂಡದ ಊಹೆ. ಅಲೆಯಾದ್ದರಿಂದಲೇ ಇಂಥದ್ದು ಸಾಧ್ಯ. ನಕ್ಷತ್ರಗಳ ಗಟ್ಟಿ ಸಾಲಾಗಿದ್ದರೆ ಮುಂದಕ್ಕೆ ಚಾಚಿಕೊಂಡು ಉಳಿಯುವಂತಿರಲಿಲ್ಲ.

ಎಪ್ಪತ್ನಾಲ್ಕು ಬಲ್ಬು

ಈ ಇಡೀ ಕಥೆಯಲ್ಲಿ ನನಗೆ ಅತಿ ಪ್ರಿಯವಾದ ಪ್ರಯೋಗ 1941ರದ್ದು. ಸ್ವೀಡನ್ನಿನ ಎರಿಕ್ ಹೋಲ್ಮ್‌ಬರ್ಗ್ ಎಂಬ ಖಗೋಳಜ್ಞನಿಗೆ ಎರಡು ಗೆಲಾಕ್ಸಿ ಹತ್ತಿರ ಹಾದುಹೋದರೆ ಏನಾಗುತ್ತದೆ ಅಂತ ತಿಳಿಯಬೇಕಿತ್ತು. ಕಂಪ್ಯೂಟರ್ ಇಲ್ಲ. ಹತ್ತಾರು ಕಾಯಗಳು ಒಂದನ್ನೊಂದು ಎಳೆಯುವುದನ್ನು ಕೈಯಲ್ಲಿ ಲೆಕ್ಕ ಹಾಕುತ್ತ ಕೂತರೆ ಆಯುಷ್ಯ ಸಾಲದು. ಆತನಿಗೆ ಹೊಳೆದದ್ದು ಇಷ್ಟು: ದೂರ ಇಮ್ಮಡಿಯಾದರೆ ಗುರುತ್ವದ ಸೆಳೆತ ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ಬಲ್ಬಿನ ಬೆಳಕೂ ಹಾಗೇ ಇಳಿಯುತ್ತದೆ. ಹಾಗಾದರೆ ಸೆಳೆತದ ಬದಲು ಬೆಳಕನ್ನು ಅಳೆದರಾಯಿತಲ್ಲ! ಒಂದು ಗೆಲಾಕ್ಸಿಗೆ 37ರಂತೆ ಎರಡಕ್ಕೆ 74 ಬಲ್ಬುಗಳನ್ನು ವೃತ್ತವೃತ್ತವಾಗಿ ಜೋಡಿಸಿದ. ಒಂದು ಬಲ್ಬಿನ ಜಾಗದಲ್ಲಿ ಬೆಳಕು ಅಳೆಯುವ ಫೋಟೊಸೆಲ್ ಇಟ್ಟು ಯಾವ ಕಡೆಯಿಂದ ಎಷ್ಟು ಬೆಳಕು ಬೀಳುತ್ತಿದೆ ನೋಡಿದ. ಹೆಚ್ಚು ಬೆಳಕು ಬರುವ ಕಡೆಗೆ ಸೆಳೆತ ಹೆಚ್ಚು. ಅದರ ಪ್ರಕಾರ ಆ ಬಲ್ಬು ಎಷ್ಟು ಸರಿಯಬೇಕೋ ಗುರುತು ಹಾಕಿಕೊಂಡ. ಹೀಗೆ ಒಂದೊಂದಕ್ಕೂ. ಎಲ್ಲವನ್ನೂ ಚೂರು ಸರಿಸಿ ಮತ್ತೆ ಮೊದಲಿನಿಂದ ಅಳತೆ. ಯುರೋಪೆಲ್ಲ ಯುದ್ಧದಲ್ಲಿ ಬೇಯುತ್ತಿದ್ದ ಕಾಲದಲ್ಲಿ ಒಬ್ಬ ಮನುಷ್ಯ ಕತ್ತಲ ಕೋಣೆಯಲ್ಲಿ ಎರಡು ಗೆಲಾಕ್ಸಿಗಳನ್ನು ಅಂಗುಲ ಅಂಗುಲವಾಗಿ ಹತ್ತಿರ ತರುತ್ತಿದ್ದುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಬಲ್ಬುಗಳ ಆ ವೃತ್ತ ಕೊನೆಗೆ ವೃತ್ತವಾಗಿ ಉಳಿಯಲಿಲ್ಲ. ಹತ್ತಿರ ಹಾಯ್ದ ಕಡೆಗೂ ಅದರ ಎದುರು ಕಡೆಗೂ ಉಬ್ಬಿ, ತೋಳು ಬಿಟ್ಟಿತು.

ಕಡಲಿನಲ್ಲಿ ಚಂದ್ರನಿಂದ ಉಬ್ಬರ ಬರುವುದೂ ಹೀಗೇ, ಚಂದ್ರನ ಕಡೆಗೊಂದು, ಅದರ ಎದುರಿಗೊಂದು. ಎಂ51ಕ್ಕೆ ಎರಡು ತೋಳು ಅಷ್ಟು ಜೋರಾಗಿರುವ ಗುಟ್ಟು ಇದರಲ್ಲಿದೆ. 1972ರಲ್ಲಿ ಅಲಾರ್ ಮತ್ತು ಯೂರಿ ಟೂಮ್ರೆ ಸೋದರರು ಕಂಪ್ಯೂಟರಿನಲ್ಲಿ ಕೆಲವೇ ನೂರು ಚುಕ್ಕಿಗಳನ್ನು ಓಡಿಸಿ, ಗೆಲಾಕ್ಸಿಗಳ ನಡುವಿನ ಸೇತುವೆಗಳು, ಲಕ್ಷಗಟ್ಟಲೆ ಜ್ಯೋತಿರ್ವರ್ಷ ಉದ್ದದ ಬಾಲಗಳು ಬರೀ ಗುರುತ್ವದಿಂದಲೇ ಹುಟ್ಟಬಲ್ಲವು ಎಂದು ತೋರಿಸಿದರು. ಅಷ್ಟು ತೆಳ್ಳನೆಯ ಬಾಲವನ್ನು ಗುರುತ್ವ ಎಳೆಯಲಾರದು ಅಂತ ಅಲ್ಲಿಯವರೆಗೆ ವಾದಿಸಿದವರಿದ್ದರು. ಟೂಮ್ರೆ ಸೋದರರ ಲೆಕ್ಕದಲ್ಲಿ ಇನ್ನೊಂದು ಮುಖ್ಯ ಸಂಗತಿ ಹೊರಬಿತ್ತು. ಹಾದುಹೋಗುವ ಗೆಲಾಕ್ಸಿ, ಇದರ ನಕ್ಷತ್ರಗಳು ತಿರುಗುವ ದಿಕ್ಕಿನಲ್ಲೇ ಬಂದರೆ ಬಾಲ ಉದ್ದಕ್ಕೆ ಬರುತ್ತದೆ. ಎದುರು ದಿಕ್ಕಿನಲ್ಲಿ ಬಂದರೆ ಅಷ್ಟು ಪೆಟ್ಟಿಲ್ಲ. ತೇರಿನ ದಿನದ ನೂಕುನುಗ್ಗಲು ನೆನೆಸಿಕೊಳ್ಳಿ. ಎದುರಿನಿಂದ ಬಂದವನು ಭುಜ ಸವರಿ ಹೋಗುತ್ತಾನೆ ಅಷ್ಟೇ. ಜೊತೆಯಲ್ಲೇ ನಡೆಯುತ್ತಿರುವವನು ಕೈ ಹಿಡಿದು ಎಳೆದರೆ ನಮ್ಮ ಗುಂಪಿನಿಂದಲೇ ದೂರ ಹೋಗಿಬಿಟ್ಟಿರುತ್ತೇವೆ.

ಗುದ್ದಿದ ರೀತಿ ಬದಲಾದರೆ ಆಕಾರವೂ ಬದಲು. ಪಕ್ಕಕ್ಕೆ ಹಾಯದೆ ನಟ್ಟನಡುವೆ ತೂರಿಹೋದರೆ ಬಾಲದ ಬದಲು ಉಂಗುರ. 50 ಕೋಟಿ ಜ್ಯೋತಿರ್ವರ್ಷ ದೂರದ ಕಾರ್ಟ್‌ವೀಲ್ ಅಂಥದ್ದು, ಬಾವಿಗೆ ಕಲ್ಲು ಬಿದ್ದಂತೆ ಎದ್ದ ಅಲೆ ಅಂಚಿನಲ್ಲಿ ಹೊಸ ನಕ್ಷತ್ರಗಳಾಗಿ ಉರಿಯುತ್ತಿದೆ. 2022ರ ಆಗಸ್ಟಿನಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ತೆಗೆದ ಅದರ ಚಿತ್ರ ಎಲ್ಲರ ಫೋನಿಗೂ ಬಂದಿತ್ತು. ಗುದ್ದುವವರೇ ಬೇಕಿಲ್ಲದ ಬಗೆಯೂ ಉಂಟು. ಗೆಲಾಕ್ಸಿಗಳ ದೊಡ್ಡ ಸಮೂಹದೊಳಕ್ಕೆ ಒಂದು ಸುರುಳಿ ವೇಗವಾಗಿ ನುಗ್ಗಿದರೆ, ಅಲ್ಲಿ ತುಂಬಿರುವ ಬಿಸಿ ಅನಿಲ ಎದುರುಗಾಳಿಯಾಗಿ ಬೀಸಿ ಸುರುಳಿಯ ಅನಿಲವನ್ನು ಹಿಂದಕ್ಕೆ ಕೀಳುತ್ತದೆ. ಬೈಕಿನ ಹಿಂದೆ ಕೂತವರ ಸೆರಗು ಹಾರಿದಂತೆ. ಇವಕ್ಕೆ ಜೆಲ್ಲಿಮೀನಿನ ಹೆಸರಿದೆ. ಅಂಥ ಒಂದರ, ಜೆಒ201ರ, ಹಾರಿದ ಸೆರಗಿನಲ್ಲೂ ನಕ್ಷತ್ರಗಳು ಹುಟ್ಟುತ್ತಿರುವುದನ್ನು ಅತಿನೇರಳೆ ಬೆಳಕಿನಲ್ಲಿ ತೋರಿಸಿದ್ದು ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹದ ದೂರದರ್ಶಕ. ಅದನ್ನು ರೂಪಿಸುವುದರಲ್ಲಿ ಮುಂದಾಳು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ.

ಹುಣಸೆಮರ ಇಲ್ಲದ ಬಾಗು

ಇಷ್ಟಾದರೂ ನನ್ನ ಮೊದಲಿನ ತೊಡಕು ಹಾಗೇ ಇತ್ತು. ಬಾಲ, ಉಂಗುರಗಳ ಮಾತಾಯಿತು. ಕುಂಕುಮ ಸರಿದಂಥ ಆ ಮಾಮೂಲಿ ಸುರುಳಿಗಳ ಕಥೆ ಏನು?

ಹೊಸದುರ್ಗದ ಕಡೆಯ ನಮ್ಮ ತೋಟದಲ್ಲಿ ಒಂದು ತೆಂಗಿನಮರ ಬುಡದಿಂದ ಆಳೆತ್ತರದವರೆಗೆ ನೆಟ್ಟಗಿದೆ, ಅಲ್ಲಿಂದ ಪೂರ್ವಕ್ಕೆ ಬಾಗಿ, ಮತ್ತೆ ಮೇಲೆ ನೆಟ್ಟಗಾಗಿದೆ. ಚಿಕ್ಕವನಿದ್ದಾಗ ಅಪ್ಪನನ್ನು ಈ ಮರ ಯಾಕೆ ಸೊಟ್ಟ ಅಂತ ಕೇಳಿದ್ದೆ. ಅಪ್ಪ ಉತ್ತರ ಹೇಳದೆ ಕಾಂಡದ ಮೇಲೆ ನನ್ನ ಬೆರಳಿಡಿಸಿದರು. ಗರಿ ಉದುರಿದ ಜಾಗದಲ್ಲಿ ಬಳೆಯಂತೆ ಗುರುತು ಉಳಿದಿರುತ್ತದೆ. "ವರ್ಷಕ್ಕೆ ಹನ್ನೆರಡು ಗರಿ ಅಂತ ಇಟ್ಕೊ, ಎಣಿಸು." ಬಾಗು ಶುರುವಾದಲ್ಲಿಂದ ಮುಗಿದಲ್ಲಿಗೆ ಎಣಿಸಿದೆ. ನೂರರ ಹತ್ತಿರ ಬಂತು. "ಎಂಟು ವರ್ಷ ಆಯ್ತಲ್ಲ. ಪಕ್ಕದಲ್ಲಿ ಹುಣಸೆಮರ ಇತ್ತು, ನೆರಳಿಗೆ ಇದು ಆಚೆ ಹೋಯ್ತು. ಹುಣಸೆ ಕಡಿದ ಮೇಲೆ ನೆಟ್ಟಗಾಯ್ತು." ಹುಣಸೆಮರ ನಾನು ನೋಡಿದ್ದೇ ಇಲ್ಲ. ಆದರೆ ಅದು ಎಲ್ಲಿತ್ತು, ಎಷ್ಟು ವರ್ಷ ಇತ್ತು, ಎಂದು ಹೋಯಿತು ಅನ್ನುವುದೆಲ್ಲ ಆ ಕಾಂಡದಲ್ಲಿತ್ತು.

ವಿಚಿತ್ರ ಗೆಲಾಕ್ಸಿಗಳನ್ನು ಓದುವುದೂ ಹೀಗೇ ಅಂತ ನಾನು ಬಹಳ ದಿನ ತಿಳಿದಿದ್ದೆ. ಬಾಗು ಕಂಡರೆ ಹುಣಸೆಮರ ಹುಡುಕು. ಎಷ್ಟೋ ಕಡೆ ಅದು ಸರಿಯೇ. ಸಪ್ತರ್ಷಿ ಮಂಡಲದ ಬಾಲದ ಹತ್ತಿರ, ಅರುಂಧತಿ-ವಸಿಷ್ಠರಿಂದ ತುಸು ಆಚೆ ಎಂ101 ಇದೆ. ಸುಮಾರು 1.7 ಲಕ್ಷ ಜ್ಯೋತಿರ್ವರ್ಷ ಅಗಲದ ಬೃಹತ್ ಸುರುಳಿ, ಆದರೆ ನಡು ನಡುವಿನಲ್ಲಿಲ್ಲ. ಒಂದು ಕಡೆ ತಟ್ಟೆ ಉದ್ದಕ್ಕೆ ಹರಡಿದೆ, ಇನ್ನೊಂದು ಕಡೆ ಮೊಟಕು. ಆರ್ಪ್ ಪಟ್ಟಿಯಲ್ಲಿ ಇದು 26ನೆಯದು. ಪಕ್ಕದಲ್ಲೇ ಎನ್‌ಜಿಸಿ 5474 ಎಂಬ ಚಿಕ್ಕ ಗೆಲಾಕ್ಸಿ ಇದೆ, ಅದರದ್ದೂ ನಡು ಬದಿಗೆ ಸರಿದಿದೆ. ಇಬ್ಬರೂ ಒಬ್ಬರನ್ನೊಬ್ಬರು ಎಳೆದಾಡಿದ್ದಾರೆ ಅನ್ನುವುದು ಮುಖ ನೋಡಿದರೇ ತಿಳಿಯುತ್ತದೆ.

ಆದರೆ 1980ರಲ್ಲಿ ಬಾಲ್ಡ್‌ವಿನ್, ಲಿಂಡೆನ್-ಬೆಲ್, ಸಾಂಚಿಸಿ ಎಂಬ ಮೂವರು ಇಂಥ ಓರೆ ಗೆಲಾಕ್ಸಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡದ್ದು ಬೇರೆ. ಹುಣಸೆಮರವೇ ಇಲ್ಲದ ಬಾಗುಗಳು! ಸುತ್ತ ಯಾರೂ ಇಲ್ಲದ ಒಂಟಿ ಗೆಲಾಕ್ಸಿಗಳೂ ಓರೆ. ನಂತರದ ಎಣಿಕೆಗಳಲ್ಲಿ ಸುರುಳಿಗಳ ಪೈಕಿ ಸುಮಾರು ಮೂರನೇ ಒಂದು ಪಾಲಿನ ನಕ್ಷತ್ರ ತಟ್ಟೆ ಓರೆಯಾಗಿದೆ ಎಂದಾಯಿತು. ಅನಿಲ ನೋಡಿದರೆ ಅರ್ಧದಷ್ಟು. ಮರ ಕಡಿದುಹೋಗಿದೆ, ಬಾಗು ಉಳಿದಿದೆ ಅನ್ನೋಣವೇ? ಅಲ್ಲೇ ಇರುವುದು ಕಷ್ಟ. ತೆಂಗಿನ ಕಾಂಡ ಗಟ್ಟಿ, ಒಮ್ಮೆ ಬಾಗಿದ್ದು ಹಾಗೇ ಉಳಿಯುತ್ತದೆ. ಗೆಲಾಕ್ಸಿ ಪೆರೇಡಿನ ಸಾಲು. ಒಳಗಿನವರು ಮುಂದೆ ಓಡುತ್ತಾರೆ, ಹೊರಗಿನವರು ಹಿಂದುಳಿಯುತ್ತಾರೆ, ಕೆಲವು ಸುತ್ತಿನಲ್ಲಿ ಓರೆ ಕಲಸಿಹೋಗಬೇಕು. ನೆನಪಿಟ್ಟುಕೊಳ್ಳುವ ಶಕ್ತಿಯೇ ಇಲ್ಲದ ವಸ್ತುವಿಗೆ ಇಷ್ಟು ನೆನಪು ಎಲ್ಲಿಂದ ಬಂತು?

ಈ ಪ್ರಶ್ನೆಯ ಮೇಲೆ ವರ್ಷಗಟ್ಟಲೆ ದುಡಿದವರಲ್ಲಿ ಒಬ್ಬರು ಬೆಂಗಳೂರಿನಲ್ಲೇ, ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವು ಕರೆಯುವ ಐಐಎಸ್ಸಿಯಲ್ಲಿ ಇದ್ದಾರೆ ಅಂತ ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಪ್ರೊಫೆಸರ್ ಚಂದಾ ಜೋಗ್. ಫ್ರಾನ್ಸಿನ ಫ್ರಾಂಸ್ವಾಜ್ ಕೋಂಬ್ ಜೊತೆ ಸೇರಿ 2009ರಲ್ಲಿ ಅವರು ಓರೆ ಗೆಲಾಕ್ಸಿಗಳ ಬಗ್ಗೆ ಬರೆದ ದೀರ್ಘ ವಿಮರ್ಶಾ ಲೇಖನ ಈ ವಿಷಯಕ್ಕೆ ಕೈಹಿಡಿ. ನನಗೆ ದಕ್ಕಿದಷ್ಟು ಹೇಳುವುದಾದರೆ: ಗೆಲಾಕ್ಸಿಯ ತಟ್ಟೆ ಒಂದು ಅಗೋಚರ ದ್ರವ್ಯದ ದೊಡ್ಡ ಪ್ರಭಾವಲಯದೊಳಗೆ ಕೂತಿದೆ. ಆ ಪ್ರಭಾವಲಯವೇ ಚೂರು ಓರೆಯಾಗಿದ್ದರೆ, ಇಲ್ಲವೇ ತಟ್ಟೆ ಅದರ ನಡುವಿನಿಂದ ಚೂರು ಸರಿದಿದ್ದರೆ ನಕ್ಷತ್ರಗಳ ಹಾದಿಯೂ ಓರೆಯಾಗುತ್ತದೆ. ಜೊತೆಗೆ ನಕ್ಷತ್ರಗಳು ತಮ್ಮತಮ್ಮಲ್ಲೇ ಎಳೆದುಕೊಳ್ಳುವುದರಿಂದ ಆ ಓರೆ ಎಲ್ಲ ಒಟ್ಟಾಗಿ, ಬಲು ನಿಧಾನವಾಗಿ ತಿರುಗುವ ಒಂದೇ ಆಕಾರವಾಗುತ್ತದೆ. ನಿಧಾನವಾದಷ್ಟೂ ಕಲಸಿಹೋಗುವುದು ತಡ. ಹೊರಗಿನಿಂದ ಒಂದೇ ಕಡೆಗೆ ತಣ್ಣನೆಯ ಅನಿಲ ಬಂದು ಸುರಿದರೂ ಓರೆಯಾಗಬಹುದು, ಆಗ ಹಾದುಹೋದವರು ಯಾರೂ ಇರಬೇಕಿಲ್ಲ. ಸಾಲಿನಲ್ಲಿದ್ದ ಹುಡುಗರು ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರೆ ಬಾಗು ಅಷ್ಟು ಬೇಗ ಮುರಿಯುತ್ತಿರಲಿಲ್ಲ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ನಮ್ಮ ಮನೆಯೂ ಇದಕ್ಕೆ ಹೊರತಲ್ಲ. ಆಕಾಶಗಂಗೆಯ ತಟ್ಟೆಯ ಅಂಚು ಒಂದು ಕಡೆ ಮೇಲೆದ್ದು ಇನ್ನೊಂದು ಕಡೆ ಕೆಳಗಿಳಿದಿದೆ ಅಂತ 1950ರ ದಶಕದಲ್ಲೇ ರೇಡಿಯೊ ದೂರದರ್ಶಕಗಳು ಕಂಡಿದ್ದವು. 2019ರಲ್ಲಿ ಮಿಡಿಯುವ ಸೆಫೀಡ್ ನಕ್ಷತ್ರಗಳ ದೂರ ಅಳೆದು ಅದೇ ತಿರುಚನ್ನು ಮೂರು ಆಯಾಮದಲ್ಲಿ ಬರೆದು ತೋರಿಸಿದರು. ಬಿಸಿಲಿಗೆ ಒಣಹಾಕಿದ ಹಪ್ಪಳದ ಅಂಚು ನೆನಪಾಯಿತು ಅದನ್ನು ನೋಡಿ. ಅನಿಲವೂ ಎರಡು ಬದಿಗೆ ಸಮನಾಗಿ ಹಂಚಿಲ್ಲ. ನಾವು ಬೇರೆಯವರ ಓರೆಯನ್ನು ಎಣಿಸುತ್ತಿರುವುದು ಸ್ವತಃ ಓರೆಯಾದ, ತಿರುಚಿದ ತಟ್ಟೆಯ ಮೇಲೆ ಕೂತು.

ಇದಕ್ಕೆ ಪೂರ್ತಿ ಎದುರಾದ ಸುದ್ದಿ ಬಂದದ್ದು 2025ರ ನವೆಂಬರಿನಲ್ಲಿ. ಪುಣೆಯ ರಾಷ್ಟ್ರೀಯ ರೇಡಿಯೊ ಖಭೌತ ಕೇಂದ್ರದ ರಾಶಿ ಜೈನ್ ಮತ್ತು ಯೋಗೇಶ್ ವಾಡದೇಕರ್ ಜೇಮ್ಸ್ ವೆಬ್ ಚಿತ್ರಗಳಲ್ಲಿ ಒಂದು ಸುರುಳಿ ಕಂಡುಹಿಡಿದು ಅಲಕನಂದಾ ಅಂತ ಹೆಸರಿಟ್ಟರು. ವಿಶ್ವಕ್ಕೆ ಬರೀ 150 ಕೋಟಿ ವರ್ಷವಾಗಿದ್ದಾಗಿನ ಗೆಲಾಕ್ಸಿ ಅದು. ಎಲ್ಲೆಲ್ಲೂ ಗುದ್ದಾಟ, ಗಡ್ಡೆಗಟ್ಟಿದ ಆಕಾರಗಳು ಇರಬೇಕಾದ ಕಾಲ. ಅಲ್ಲಿ ಎರಡು ತೋಳು, ನಡುವೆ ಉಬ್ಬು, ಪುಸ್ತಕದ ಚಿತ್ರದಷ್ಟು ಅಚ್ಚುಕಟ್ಟು. ಖಗೋಳಜ್ಞರನ್ನು ಬೆರಗಾಗಿಸಿದ್ದು ಆ ಅಚ್ಚುಕಟ್ಟು. ವಿಚಿತ್ರವೇನಾದರೂ ಇದೆಯೇ ಅಂತ ಅದನ್ನು ತೋರಿಸಿ ಕೇಳಿದರೆ, ಹೌದು, ಏನೂ ವಿಚಿತ್ರವಿಲ್ಲದ್ದೇ ವಿಚಿತ್ರ ಅನ್ನಬೇಕು.

ಯುಗಾದಿ ಅಮಾವಾಸ್ಯೆ

2024ರ ಯುಗಾದಿಗೆ ಊರಿಗೆ ಹೋದಾಗ ಹತ್ತು ಇಂಚಿನ ಡಾಬ್ಸೋನಿಯನ್ ದೂರದರ್ಶಕವನ್ನೂ ಕಾರಿನಲ್ಲಿ ಹಾಕಿಕೊಂಡು ಹೋಗಿದ್ದೆ. ಹಬ್ಬದ ಹಿಂದಿನ ರಾತ್ರಿ, ಏಪ್ರಿಲ್ 8, ಕಗ್ಗತ್ತಲು. ಅಣ್ಣನ ಮಗನನ್ನು ಕರೆದುಕೊಂಡು ತೋಟದಾಚೆಯ ಬಯಲಿಗೆ ಹೊರಟಾಗ ಅಮ್ಮ ಬಾಗಿಲಲ್ಲೇ ನಿಲ್ಲಿಸಿದರು.

"ಅಮಾವಾಸ್ಯೆ, ಗ್ರಹಣ ಬೇರೆ ಅಂತ ಟೀವೀಲಿ ಹೇಳ್ತಿದಾರೆ. ಈ ಹೊತ್ತಲ್ಲಿ ಮಗೂನ ಕಟ್ಕೊಂಡು ಹೋಗ್ತಿದೀಯಲ್ಲೋ."

"ಗ್ರಹಣ ಅಮೆರಿಕದಲ್ಲಿ ಅಮ್ಮ. ನಮಗೆ ಕಾಣೋದೇ ಇಲ್ಲ."

"ಎಲ್ಲಾದ್ರೂ ಆಗ್ಲಿ, ಬೇಗ ಬನ್ನಿ. ಬೆಳಿಗ್ಗೆ ಎಣ್ಣೆ ಹಚ್ಕೋಬೇಕು." ಹೇಳಿ, ಒಳಗೆ ಹೋಗಿ ಟಾರ್ಚ್ ತಂದುಕೊಟ್ಟರು.

ದಿಗಂತದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಒಟ್ಟಿಗೆ ಮಿಣುಕಿ ಒಟ್ಟಿಗೆ ಆರುತ್ತಿದ್ದವು. ಅದು ಬಿಟ್ಟರೆ ಬೆಳಕಿಲ್ಲ. ನಡುರಾತ್ರಿ ಹನ್ನೆರಡಕ್ಕೆ ಉತ್ತರಕ್ಕೆ ಮುಖಮಾಡಿದರೆ ಸಪ್ತರ್ಷಿ ಮಂಡಲದ ಕೊನೆಯ ನಕ್ಷತ್ರ ಮರೀಚಿಯ ಹತ್ತಿರ ಎಂ51, ದಕ್ಷಿಣಕ್ಕೆ ತಿರುಗಿದರೆ ಹಸ್ತದ ಪಕ್ಕದಲ್ಲಿ ಆಂಟೆನಾ ಗೆಲಾಕ್ಸಿಗಳು. ಎರಡೂ ದಿಗಂತದಿಂದ ಹೆಚ್ಚುಕಡಿಮೆ 55 ಡಿಗ್ರಿ ಎತ್ತರದಲ್ಲಿ, ತಕ್ಕಡಿಯ ಎರಡು ತಟ್ಟೆಯಂತೆ. ಇದು ನಮ್ಮ ಅಕ್ಷಾಂಶದ ಭಾಗ್ಯ. ಲಾರ್ಡ್ ರಾಸ್‌ನ ಐರ್ಲೆಂಡಿನಲ್ಲಿ ಹಸ್ತದ ಕಡೆಯ ಈ ಜೋಡಿ ಎಷ್ಟು ಏರಿದರೂ 18 ಡಿಗ್ರಿ ದಾಟುವುದಿಲ್ಲ. ಅದೇ ನಡುರಾತ್ರಿಯ ಹೊತ್ತಿಗೆ ಚಂದ್ರನ ನೆರಳು ಮೆಕ್ಸಿಕೊ ದಾಟಿ ಟೆಕ್ಸಾಸಿನ ಮೇಲೆ ಓಡುತ್ತಿತ್ತು.

ಮೊದಲು ಎಂ51 ತೋರಿಸಿದೆ. "ಎರಡು ಇದಾವೆ" ಅಂದ ಹುಡುಗ, ನಾನು ಕೇಳುವ ಮೊದಲೇ. ಆಮೇಲೆ ಆಂಟೆನಾ. ಚಿತ್ರಗಳಲ್ಲಿ ಕಾಣುವ ಉದ್ದದ ಬಾಲಗಳು ನಮ್ಮ ಕನ್ನಡಿಗೆ ನಿಲುಕುವುದಿಲ್ಲ. ಎರಡು ಸುರುಳಿಗಳು ಒಂದಕ್ಕೊಂದು ನುಗ್ಗಿ ಕಲೆಯುತ್ತಿರುವ ನಡುಭಾಗ ಮಾತ್ರ ಮಸುಕಾಗಿ ಕಾಣುತ್ತದೆ, ಬಾಗಿದ ಒಂದು ತುಣುಕು. ಅವನು ತುಂಬ ಹೊತ್ತು ನೋಡಿದ. "ಹುಣಸೆಕಾಯಿ ಥರ ಇದೆ ಚಿಕ್ಕಪ್ಪ." ಹೌದಲ್ಲ ಅನ್ನಿಸಿ ನಾನೂ ಮತ್ತೆ ಇಣುಕಿದೆ.

ಕೊನೆಗೆ ಎಂ101. ಅದು ಸುಲಭಕ್ಕೆ ಸಿಗುವಂಥದ್ದಲ್ಲ. ಅಷ್ಟಗಲಕ್ಕೆ ಬೆಳಕು ಹರಡಿ ತೆಳ್ಳಗಾಗಿರುತ್ತದೆ. ವಸಿಷ್ಠ, ಮರೀಚಿ ಎರಡನ್ನೂ ಇಟ್ಟುಕೊಂಡು ತ್ರಿಕೋನ ಕಟ್ಟಿ, ಹುಡುಕಿ ನಿಲ್ಲಿಸಿ ಅವನನ್ನು ಕರೆದೆ.

"ಏನೂ ಕಾಣ್ತಾ ಇಲ್ಲ."

"ನೇರ ನೋಡಬೇಡ. ಅದರ ಪಕ್ಕ ಎಲ್ಲಾದ್ರೂ ದೃಷ್ಟಿ ಇಡು, ಓರೆಗಣ್ಣಲ್ಲಿ ನೋಡು."

ಮಸುಕಾದದ್ದನ್ನು ಹಿಡಿಯುವ ಶಕ್ತಿ ಕಣ್ಣಿನ ನಡುವಿಗಿಂತ ಅದರ ಬದಿಗೇ ಹೆಚ್ಚು. ಅವನು ಐಪೀಸಿಗೆ ಕಣ್ಣಿಟ್ಟು ಉಸಿರು ಬಿಗಿಹಿಡಿದ. ತೋಟದ ಕಡೆಯಿಂದ ಗರಿಗಳ ಸದ್ದು ಬರುತ್ತಿತ್ತು.

"ಬಂತು" ಅಂದ. ಒಂದು ಕ್ಷಣ ಬಿಟ್ಟು, "ಹೋಯ್ತು." ತಲೆಯನ್ನು ಚೂರು ಈ ಕಡೆ ವಾಲಿಸಿದ. "ತಡಿ ಚಿಕ್ಕಪ್ಪ, ಬಂತು."